ಮೋಟರ್ ವೈಂಡಿಂಗಿಗೆ ಕ್ಯಾಮೆರಾ ಕನ್ನಡಕ: ನನ್ನ ಅನುಭವ

"ಮೂವತ್ತು ಸಾವಿರಕ್ಕೆ ಒಳ್ಳೆ ಫೋನೇ ಬರುತ್ತಲ್ಲ, ಕನ್ನಡಕ ಯಾಕೆ?" ಅಂತ ನಮ್ಮ ಲೈನಿನವರೆಲ್ಲ ಕೇಳಿದ್ದರು. ಈಗ ಸಬ್‌ಮರ್ಸಿಬಲ್ (ಬೋರ್‌ವೆಲ್ಲಿನೊಳಗೆ ಇಳಿಸುವ) ಮೋಟರ್ ಬಿಚ್ಚುವಾಗ ಅದನ್ನೇ ಹಾಕಿಕೊಳ್ಳುತ್ತೇನೆ.

ಹೊಸ ತಂತಿ ಸುತ್ತಬೇಕಾದರೆ, ಹಳೇ ಕಾಯಿಲ್ ಕತ್ತರಿಸುವ ಮೊದಲು ಪಿಚ್ (ಒಂದು ಕಾಯಿಲ್ ಯಾವ ಸ್ಲಾಟಿನಿಂದ, ಅಂದರೆ ತಂತಿ ಕೂರುವ ಸೀಳಿನಿಂದ, ಯಾವುದಕ್ಕೆ ಹೋಗುತ್ತದೆ ಅನ್ನೋದು), ಕನೆಕ್ಷನ್ ಗುರುತು ಹಾಕಿಕೊಳ್ಳಲೇಬೇಕು, ನಿಮಗೆ ಗೊತ್ತಿರೋದೇ. ಕೈ ತುಂಬ ಮಸಿ. ಫೋನನ್ನು ಎದೆಗೆ ಕಟ್ಟಿಕೊಂಡು ನೋಡಿದೆ, ಬಗ್ಗಿದರೆ ಸ್ಟೇಟರ್ (ಮೋಟರಿನ ತಿರುಗದ, ಕಾಯಿಲ್ ಇರುವ ಭಾಗ) ಬದಲು ನೆಲ ಬರುತ್ತಿತ್ತು. ಸ್ಟ್ಯಾಂಡಿಗೆ ಹಾಕಿದರೆ ನನ್ನ ಕೈಯೇ ಅಡ್ಡ. ಎರಡು-ಮೂರು ಸಾವಿರಕ್ಕೆ ಸಿಗುವ ಯಾವುದೋ ಕ್ಯಾಮೆರಾ ಕನ್ನಡಕ ತರಿಸಿದೆ, ಅದರಲ್ಲಿ ತಂತಿ ಯಾವುದು, ಅದರ ಮೇಲೆ ತೊಡಿಸಿದ ಸ್ಲೀವ್ ಯಾವುದು ಅಂತಲೇ ತಿಳಿಯಲಿಲ್ಲ. ಹೀಗೇ ಐದಾರು ಸಾವಿರ ಹೋಯಿತು.

2025ರ ಮೇನಲ್ಲಿ ರೇ-ಬ್ಯಾನ್ ಮೆಟಾ ಅನ್ನೋ ಕ್ಯಾಮೆರಾ ಕನ್ನಡಕ ಭಾರತಕ್ಕೆ ಬಂತು. ಆಗಿನ ಶುರು ಬೆಲೆ 29,900 ರೂಪಾಯಿ. 2013ರಲ್ಲಿ ಇಂಥದ್ದೇ ಕ್ಯಾಮೆರಾ ಇದ್ದ ಗೂಗಲ್ ಗ್ಲಾಸಿಗೆ 1,500 ಡಾಲರ್ ಇತ್ತು, ಅದರ ಮುಂದೆ ಇದು ಕಡಿಮೆಯೇ. ನನಗೆ ಪವರ್ ಲೆನ್ಸ್ ಬೇರೆ ಬೇಕಿತ್ತು, ಎಲ್ಲ ಸೇರಿ 35 ಸಾವಿರದ ಹತ್ತಿರ ಹೋಯಿತು.

ಒಂದು ವಿಡಿಯೋ 3 ನಿಮಿಷಕ್ಕೆ ನಿಲ್ಲುತ್ತದೆ. ನಾನು ಅದನ್ನೇ ಪದ್ಧತಿ ಮಾಡಿಕೊಂಡೆ: ಹೊರಗೆ ಬರುವ ಲೀಡ್ ತಂತಿಗಳ ಕನೆಕ್ಷನಿಗೆ ಒಂದು ಕ್ಲಿಪ್, ಒಂದೊಂದು ಫೇಸಿಗೆ ಒಂದೊಂದು. ಶುರು ಮಾಡಲು ಕನ್ನಡಕಕ್ಕೆ ಇಂಗ್ಲಿಷಿನಲ್ಲಿ ಹೇಳುತ್ತೇನೆ, ಆಮೇಲೆ ಕನ್ನಡದಲ್ಲಿ ಜೋರಾಗಿ ಎಣಿಸುತ್ತೇನೆ. 24 ಸ್ಲಾಟಿನ ಮೋಟರಾದರೆ "1ರಿಂದ 12, 2ರಿಂದ 11" ಅಂತ. ದನಿ ಸ್ಪಷ್ಟವಾಗಿ ಸಿಗುತ್ತದೆ, ನೋಟ್‌ಬುಕ್ಕೇ ಬೇಡ. ಟೋಪಿ ಅಂಚು ಕನ್ನಡಕದ ಮುಂದಿರುವ, ರೆಕಾರ್ಡಿಂಗ್ ತೋರಿಸುವ ಲೈಟಿಗೆ ಅಡ್ಡ ಬಂದರೆ ರೆಕಾರ್ಡ್ ಆಗುವುದಿಲ್ಲ, ನೆನಪಿರಲಿ. ಸ್ಲಾಟಿನ ಒಳಗೆ ನೆರಳು ಬೀಳದ ಹಾಗೆ ಬಲ್ಬ್ ಇಡುವ ನನ್ನದೊಂದು ಉಪಾಯ ಇದೆ, ಅದನ್ನು ಮಾತ್ರ ಇಲ್ಲಿ ಬಿಚ್ಚಿಡುವುದಿಲ್ಲ.

ಬೋರ್‌ವೆಲ್ಲಿಂದ ಪೈಪ್ ಎತ್ತುವ ಕಡೆಗೂ ಸುಮ್ನೆ ಹಾಕಿಕೊಂಡು ಹೋಗಿದ್ದೆ. ಅಲ್ಲಿ ಕನ್ನಡಕದಲ್ಲೇ ಫೋನ್ ಕರೆ ತೆಗೆದುಕೊಳ್ಳೋಕೆ ತುಂಬ ಅನುಕೂಲ, ಎರಡೂ ಕೈ ಚೈನಿನ ಮೇಲೇ ಇರುತ್ತವೆ. ವಿಡಿಯೋ ಮಾತ್ರ ಬೇಡ, ತಲೆ ಆಡಿದ ಹಾಗೆಲ್ಲ ಚಿತ್ರವೂ ಆಡುತ್ತದೆ.

ಫೋನ್ ಬಿಡೋಕಾಗಲ್ಲ. ನೇಮ್‌ಪ್ಲೇಟಿನ ಸಣ್ಣ ಅಕ್ಷರಕ್ಕೆ ಫೋನಿನ ಕ್ಯಾಮೆರಾನೇ ಸರಿ, ಕ್ಲಿಪ್ ಇಳಿಸೋಕೂ ರೈತರ ವಾಟ್ಸ್ಯಾಪಿಗೆ ಕಳಿಸೋಕೂ ಅದೇ ಬೇಕು. ಒಳಗಿನ ತಂತಿ ಸುಟ್ಟಿರೋದನ್ನು ಆ ಕ್ಲಿಪ್ಪಿನಲ್ಲಿ ರೈತರು ಕಣ್ಣಾರೆ ನೋಡಿದ ಮೇಲೆ ರೇಟಿನ ಬಗ್ಗೆ ಜಾಸ್ತಿ ಚೌಕಾಸಿ ಇಲ್ಲ.

ಒಂದು ಮೋಟರ್ ಕನೆಕ್ಷನ್ ತಪ್ಪಿ ವಾಪಸ್ ಬಂದರೆ ತಂತಿ, ಕೂಲಿ ಸೇರಿ ನಾಲ್ಕೈದು ಸಾವಿರ ಕೈಯಿಂದ ಹೋಗುತ್ತದೆ ಅಲ್ವಾ? ಕನ್ನಡಕ ಬಂದ ಮೇಲೆ ನನ್ನ ಅಂಗಡಿಗೆ ಹಾಗೆ ಒಂದೂ ವಾಪಸ್ ಬಂದಿಲ್ಲ.