ಜಾತ್ರೆಗೆ ಬಂದ ನೆಂಟರಿಗೊಂದು ಲಾಗಿನ್

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆಗ ನಮ್ಮನೆ ತುಂಬಾ ನೆಂಟರು. ಒಬ್ಬರಿಗೆ ಬಸ್ ಟಿಕೆಟ್ ಪ್ರಿಂಟ್ ಬೇಕು, ಇನ್ನೊಬ್ಬರು ಮೇಲ್ ನೋಡಬೇಕು. ಹಿಂದಿನ ಜಾತ್ರೆಯಲ್ಲಿ ಅಕ್ಕನ ಮಗ ನನ್ನ ಲಾಗಿನ್‌ನಲ್ಲೇ ಕೂತು, ಅಡಿಕೆ ಲೆಕ್ಕದ ಫೈಲನ್ನು ಎಲ್ಲಿಗೋ ಎಳೆದು ಹಾಕಿದ್ದ. ಹುಡುಕಲು ಅರ್ಧ ದಿನ ಹೋಯಿತು.

ನನ್ನ ಕಂಪ್ಯೂಟರ್‌ನಲ್ಲಿರುವುದು ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂ. ಅದರ 16.04 ಆವೃತ್ತಿಯಲ್ಲಿ ಗೆಸ್ಟ್ ಸೆಷನ್, ಅಂದರೆ ಬಂದವರಿಗೆ ತಾತ್ಕಾಲಿಕ ಲಾಗಿನ್, ಇತ್ತು. ಹೊರಬಂದ ಕೂಡಲೇ ಎಲ್ಲ ಅಳಿಸಿಹೋಗುತ್ತಿತ್ತು. 17.10ರಲ್ಲಿ ಲಾಗಿನ್ ಪರದೆ ತೋರಿಸುವ ಲೈಟ್‌ಡಿಎಂ ಜಾಗಕ್ಕೆ ಜಿಡಿಎಂ ಬಂತು, ಆ ಸೌಕರ್ಯ ಹೋಯಿತು. ಲಿನಕ್ಸ್ ಮಿಂಟ್ ಬಳಸುವವರು ಲಾಗಿನ್ ವಿಂಡೋ ಸೆಟ್ಟಿಂಗ್‌ನಲ್ಲಿ ಅದನ್ನು ಆನ್ ಮಾಡಿದರಾಯಿತು. ನನ್ನದು ಉಬುಂಟು 22.04. ಹಾಗಾಗಿ ಈ ಸಲ ಕೈಯಾರೆ ಮಾಡಿದೆ.

ಮೊದಲು ಆಡ್‌ಯೂಸರ್ ಕಮಾಂಡ್‌ನಿಂದ 'ಅತಿಥಿ' ಅಂತ ಸಾದಾ ಖಾತೆ ತೆರೆದೆ. ಅಡ್ಮಿನ್ ಅಧಿಕಾರ ಸಿಗುವ ಸುಡೊ ಗುಂಪಿಗೆ ಸೇರಿಸಲಿಲ್ಲ. ಆಮೇಲೆ ಯಾವ ಡಿಸ್ಕ್ ಯಾವ ಫೋಲ್ಡರ್‌ಗೆ ಜೋಡಿಸಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಒಂದು ಸಾಲು ಬರೆದು, ಆ ಖಾತೆಯ ಹೋಮ್ ಫೋಲ್ಡರನ್ನು ಟಿಎಂಪಿಎಫ್‌ಎಸ್ ಮಾಡಿದೆ. ಅಂದರೆ ಅದು ಡಿಸ್ಕ್‌ನಲ್ಲಿ ಇರುವುದಿಲ್ಲ, ರ‍್ಯಾಮ್‌ನಲ್ಲಿ ಇರುತ್ತದೆ. ರೀಸ್ಟಾರ್ಟ್ ಮಾಡಿದರೆ ಖಾಲಿ. ಸುಮ್ನೆ ಲಾಗ್ ಔಟ್ ಮಾಡಿದರೆ ಮಾತ್ರ ಅಳಿಯುವುದಿಲ್ಲ. ಮಿತಿ ಹಾಕದಿದ್ದರೆ ಅರ್ಧ ರ‍್ಯಾಮ್ ವರೆಗೂ ತಿನ್ನಬಹುದು, ಅದಕ್ಕೆ 1 ಜಿಬಿ ಅಂತ ಬರೆದೆ.

ಮೊದಲ ಸಲ ಲಾಗಿನ್ ಆಗಲೇ ಇಲ್ಲ. ಪಾಸ್‌ವರ್ಡ್ ಕೊಟ್ಟರೆ ಪುನಃ ಅದೇ ಪರದೆ. ಆ ಸಾಲಿನಲ್ಲಿ ಮೋಡ್ 700 (ಒಡೆಯನಿಗೆ ಮಾತ್ರ ಅನುಮತಿ) ಅಂತ ಹಾಕಿದ್ದೆ, ಒಡೆಯ ಯಾರು ಅಂತ ಹೇಳುವ ಯುಐಡಿ (ಖಾತೆಯ ಸಂಖ್ಯೆ) ಬರೆಯಲು ಮರೆತಿದ್ದೆ. ಫೋಲ್ಡರ್ ರೂಟ್, ಅಂದರೆ ಮುಖ್ಯ ಅಡ್ಮಿನ್ ಖಾತೆಯ, ಹೆಸರಿಗೆ ಹೋಗಿತ್ತು. ಅತಿಥಿಯನ್ನು ಅವನ ಕೋಣೆಗೇ ಬಿಡದ ಹಾಗಾಯಿತು, ಅಲ್ವಾ? ಐಡಿ ಕಮಾಂಡ್‌ನಿಂದ ಸಂಖ್ಯೆ ನೋಡಿ 1001 ಅಂತ ಸೇರಿಸಿದ ಮೇಲೆ ಸರಿಹೋಯಿತು.

ಒಳಗೆ ಹೋಗಿ ನೋಡಿದರೆ ಇನ್ನೊಂದು ತಮಾಷೆ. ನನ್ನ ಅಡಿಕೆ ಲೆಕ್ಕವನ್ನು ಅತಿಥಿಯೂ ಓದಬಹುದಿತ್ತು! 21.04ರಿಂದ ಉಬುಂಟು ಹೊಸ ಹೋಮ್ ಫೋಲ್ಡರ್‌ಗೆ 750 ಅನುಮತಿ ಕೊಡುತ್ತದೆ, ಬೇರೆ ಬಳಕೆದಾರರು ಒಳಗೆ ನೋಡಲಾಗುವುದಿಲ್ಲ. ನನ್ನದು ಹಳೆಯ ಉಬುಂಟುವಿನಿಂದ ಅಪ್‌ಗ್ರೇಡ್ ಆಗುತ್ತಾ ಬಂದದ್ದು, ಎಲ್ಲರೂ ಓದಬಹುದಾದ 755ರಲ್ಲೇ ಉಳಿದಿತ್ತು. ಅನುಮತಿ ಬದಲಿಸುವ ಸಿಎಚ್‌ಮಾಡ್ ಕಮಾಂಡ್ ಹಾಕಿ 700 ಮಾಡಿದೆ. ಇಷ್ಟೆಲ್ಲ ಬೇಡ ಅನ್ನುವವರೂ ಈ ಒಂದನ್ನು ನೋಡಿಕೊಳ್ಳಿ.

ಚೇಜ್ ಕಮಾಂಡ್‌ನಿಂದ ಜಾತ್ರೆ ಮುಗಿದ ಮರುದಿನಕ್ಕೆ ಖಾತೆಯ ಅವಧಿ ಮುಗಿಯುವಂತೆ ಮಾಡಿದೆ.

ಮೂರನೇ ದಿನ ಮಾವ ಒಂದು ಗಂಟೆ ಕೂತು ಅರ್ಜಿ ಟೈಪ್ ಮಾಡಿ ಸೇವ್ ಮಾಡಿದರು. ಕರೆಂಟ್ ಹೋಯಿತು. "ತಮಾ, ನಿನ್ನ ಕಂಪ್ಯೂಟರ್ ನನ್ನ ಅರ್ಜಿ ನುಂಗಿತಲ್ಲೋ!" ನಾನೇ ಕೂತು ಪುನಃ ಟೈಪ್ ಮಾಡಿಕೊಟ್ಟೆ. ಅವತ್ತೇ ಮಾನಿಟರ್‌ಗೆ ಚೀಟಿ ಅಂಟಿಸಿದೆ: 'ಪೆನ್ ಡ್ರೈವ್‌ಗೆ ಹಾಕಿಕೊಳ್ಳಿ.'