ಮೈಲ್ 104ರ ಗೇಜ್ ಮತ್ತು ಪ್ರಶ್ನೋತ್ತರ ವೇಳೆ: ನನ್ನ ಅನುಭವ

ಶಾಸಕನಾಗಿ ನಾನು ಕೇಳಿದ ಮೊದಲ ಪ್ರಶ್ನೆಗೆ ಸಿಕ್ಕ ಉತ್ತರ ಒಂದೇ ಪದದ್ದಾಗಿತ್ತು: 'ಬಂದಿದೆ.' ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರಿಗೆ ಸಮರ್ಪಕವಾಗಿ ನೀರು ತಲುಪದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ ಎಂದು (ಅ) ಭಾಗದಲ್ಲಿ ಕೇಳಿದ್ದೆ. ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು ಎಂಬ (ಆ) ಭಾಗದ ಎದುರು, ಅಗತ್ಯ ಕ್ರಮ ಕೈಗೊಳ್ಳಲಾಗಿದೆ ಎಂಬರ್ಥದ ಎರಡು ಸಾಲುಗಳಿದ್ದವು. ಇಲ್ಲದಿದ್ದಲ್ಲಿ ಕಾರಣಗಳೇನು ಎಂಬ (ಇ) ಭಾಗಕ್ಕೆ 'ಉದ್ಭವಿಸುವುದಿಲ್ಲ' ಎಂದಿತ್ತು. ಅಧಿವೇಶನ ಮುಗಿಸಿ ಊರಿಗೆ ಬಂದವನು ಆ ಹಾಳೆಯನ್ನು ಕಾಲುವೆ ಪಕ್ಕದ ಹಳ್ಳಿಯೊಂದರ ಕಟ್ಟೆಯ ಮೇಲೆ ಕುಳಿತು ಹೆಮ್ಮೆಯಿಂದಲೇ ಓದಿದೆ. ಕೇಳಿಸಿಕೊಂಡ ಹಿರಿಯ ರೈತರೊಬ್ಬರು, 'ಬಂದಾದ ಅಂದ್ರ ಏನ್ ಬಂದಾದ್ರೀ, ನೀರು ಬಂದಾದೇನು?' ಎಂದು ಕೇಳಿದರು. ಅವರು ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ್ದರು, ನನ್ನ ಬಳಿ ಹೇಳಲು ಏನೂ ಇರಲಿಲ್ಲ. ಸದನದಲ್ಲಿ ಪ್ರಶ್ನೆ ಕೇಳುವ ಕೆಲಸವನ್ನು ನಾನು ಕಲಿಯಲು ಆರಂಭಿಸಿದ್ದು ಆ ದಿನದಿಂದ.

ರಾಯಚೂರು ಜಿಲ್ಲೆಯ ಒಂದು ಕ್ಷೇತ್ರವನ್ನು ನಾನು ಒಂದು ಅವಧಿಗೆ ವಿಧಾನಸಭೆಯಲ್ಲಿ ಪ್ರತಿನಿಧಿಸಿದ್ದೆ. ಎಡದಂಡೆ ಮುಖ್ಯ ಕಾಲುವೆಯ ಉದ್ದ 227 ಕಿಲೋಮೀಟರ್. ಕೊಪ್ಪಳ ಜಿಲ್ಲೆಯ ಗಂಗಾವತಿ, ಕಾರಟಗಿಗಳನ್ನು ಹಾದು, ಸಿಂಧನೂರಿಗೆ ಬಂದು, ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳ ಕಡೆಗೆ ಬರುವಷ್ಟರಲ್ಲಿ ಅದು ಸೊರಗಿರುತ್ತದೆ. ಅಣೆಕಟ್ಟೆಗೆ 1945ರಲ್ಲಿ ಅಡಿಗಲ್ಲು ಬಿದ್ದಾಗ ಎಡದಂಡೆ ಹೈದರಾಬಾದ್ ಸಂಸ್ಥಾನದ್ದು, ಬಲದಂಡೆ ಮದ್ರಾಸ್ ಪ್ರಾಂತ್ಯದ್ದು. ಕಾಲುವೆಯ ಲೆಕ್ಕವನ್ನು ನಮ್ಮ ರೈತರು ಇಂದಿಗೂ ಮೈಲಿನಲ್ಲೇ ಹೇಳುತ್ತಾರೆ. ಮೈಲ್ 69, ಮೈಲ್ 104 ಎಂದರೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಮೈಲ್ 104ರ ಗೇಜಿನಲ್ಲಿ, ಅಂದರೆ ಕಾಲುವೆಯ ನೀರಿನ ಮಟ್ಟ ಅಳೆಯುವ ಪಟ್ಟಿಯಲ್ಲಿ, ನೀರು ಎಷ್ಟು ಅಡಿ ನಿಂತಿದೆ ಎಂಬುದರ ಮೇಲೆ ಕೆಳಗಿನ ಹಳ್ಳಿಗಳ ಆ ವರ್ಷದ ಬದುಕು ನಿಂತಿರುತ್ತದೆ. ಸುಮಾರು ಆರು ಲಕ್ಷ ಎಕರೆಯ ಈ ಅಚ್ಚುಕಟ್ಟನ್ನು ಬಹುಪಾಲು ಕಡಿಮೆ ನೀರು ಬೇಡುವ ಜೋಳ, ಹತ್ತಿಯಂಥ ಬೆಳೆಗಳಿಗೆಂದು ಯೋಜಿಸಲಾಗಿತ್ತು. ಮೇಲ್ಭಾಗ ಭತ್ತಕ್ಕೆ ತಿರುಗಿತು, ಅಚ್ಚುಕಟ್ಟಿನಲ್ಲಿ ಇಲ್ಲದ ಜಮೀನುಗಳೂ ಕಾಲುವೆಗೆ ಪಂಪ್‌ಸೆಟ್ ಇಳಿಸಿದವು, ಜಲಾಶಯದಲ್ಲಿ ಹೂಳು ತುಂಬುತ್ತ ಹೋಯಿತು. ಇವು ಮೂರೂ ಸೇರಿ ಕೆಳಗಿನವರ ಪಾಲನ್ನು ಕರಗಿಸಿವೆ. ರಾಯಚೂರು ನಗರದ ಕುಡಿಯುವ ನೀರು ಸಹ ಗಣೇಕಲ್ ಜಲಾಶಯದ ಮೂಲಕ ಇದೇ ಕಾಲುವೆಯನ್ನು ನೆಚ್ಚಿಕೊಂಡಿದೆ.

ನನ್ನ ಮೊದಲ ಪ್ರಶ್ನೆಯಲ್ಲಿ ಇದ್ದ ತಪ್ಪು ಇಷ್ಟೇ: ಎಲ್ಲರಿಗೂ ಗೊತ್ತಿದ್ದ ಸಂಗತಿಯನ್ನು ನಾನು ಕೇಳಿದ್ದೆ. 'ಗಮನಕ್ಕೆ ಬಂದಿದೆಯೇ' ಎಂಬ ಸಾಲು ನಮ್ಮ ವಿಧಾನಮಂಡಲದ ಪ್ರಶ್ನೆಗಳಲ್ಲಿ ಎಷ್ಟು ರೂಢಿಯಾಗಿದೆಯೆಂದರೆ, ಹೊಸ ಸದಸ್ಯ ಅದನ್ನು ಬರೆಯದೆ ಪ್ರಶ್ನೆಯೇ ಆಗುವುದಿಲ್ಲವೆಂದು ತಿಳಿಯುತ್ತಾನೆ. ಅದಕ್ಕೆ 'ಬಂದಿದೆ' ಎಂದು ಹೇಳಲು ಯಾವ ಕಡತವನ್ನೂ ತೆರೆಯಬೇಕಾಗಿಲ್ಲ. ಉತ್ತರ ಬರೆಯುವ ಅಧಿಕಾರಿ ಒಂದು ದಾಖಲೆಯನ್ನು ಹುಡುಕಿ ತೆಗೆಯಲೇಬೇಕಾಗುವಂತೆ, ಆ ದಾಖಲೆಯಲ್ಲಿರುವ ಅಂಕಿಯನ್ನು ಹಾಗೆಯೇ ಬರೆಯದೆ ಬೇರೆ ದಾರಿ ಇಲ್ಲದಂತೆ ಪ್ರಶ್ನೆ ಇರಬೇಕು ಎಂಬುದು ನನಗೆ ಅರ್ಥವಾಗಲು ಎರಡು ಅಧಿವೇಶನಗಳು ಬೇಕಾದವು.

ಅಂಕಿಗಳಿಗಾಗಿ ನಾನು ಮೊದಲು ಹೋದದ್ದು ಕಚೇರಿಗಳಿಗೆ. ಅಲ್ಲಿ ಮರ್ಯಾದೆ ಸಿಕ್ಕಿತು, ಮಾಹಿತಿ ಸಿಗಲಿಲ್ಲ. ಅದು ಸಿಕ್ಕಿದ್ದು ಒಬ್ಬ ನಿವೃತ್ತ ಶಿಕ್ಷಕರಲ್ಲಿ. ಅವರ ಹೊಲ ಕಾಲುವೆಯ ಕೊನೆಭಾಗದ ಒಂದು ತೂಬಿನ ಕೆಳಗಿದೆ. ಹಲವು ವರ್ಷಗಳಿಂದ ಅವರು ನೀರು ಬಿಟ್ಟ ದಿನದಿಂದ ನೀರು ನಿಲ್ಲಿಸುವ ದಿನದವರೆಗೆ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಗೇಜಿನ ಬಳಿಗೆ ಹೋಗಿ, ನೋಡಿದ್ದನ್ನು ಶಾಲೆಯ ಹಾಜರಿ ಪುಸ್ತಕದಂಥ ಉದ್ದನೆಯ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಮಳೆ ಬಂದ ದಿನಕ್ಕೆ ಒಂದು ಗುರುತು, ಕಾಲುವೆ ಒಡೆದ ದಿನಕ್ಕೆ ಇನ್ನೊಂದು. ಆ ಪುಸ್ತಕವನ್ನು ಅವರು ಯಾರಿಗೂ ತೋರಿಸಿರಲಿಲ್ಲ, ಏಕೆಂದರೆ ಯಾರೂ ಕೇಳಿರಲಿಲ್ಲ. ಮೂರು ಸಂಜೆ ಅವರ ಪಡಸಾಲೆಯಲ್ಲಿ ಕುಳಿತು ನಾನು ಒಂದು ಹಂಗಾಮಿನ ಪುಟಗಳನ್ನು ನಕಲು ಮಾಡಿಕೊಂಡೆ. ನನ್ನ ಮುಂದಿನ ಪ್ರಶ್ನೆಗಳೆಲ್ಲ ಆ ಪುಟಗಳಿಂದ ಹುಟ್ಟಿದವು ಎಂದು ಇಲ್ಲಿ ಕೃತಜ್ಞತೆಯಿಂದ ದಾಖಲಿಸುತ್ತೇನೆ.

ಎರಡನೆಯ ಪ್ರಶ್ನೆಯ ಕರಡನ್ನು ಏಳೆಂಟು ಬಾರಿ ತಿದ್ದಿದೆ. ಪ್ರಶ್ನೆಯಲ್ಲಿ ವಾದ ಇರಬಾರದು, ಊಹೆ ಇರಬಾರದು, ಆರೋಪ ಇರಬಾರದು, ಅಭಿಪ್ರಾಯ ಕೇಳಬಾರದು ಎಂದು ಸದನದ ನಿಯಮಗಳು ಹೇಳುತ್ತವೆ. ಮೊದಲು ಈ ನಿಯಮಗಳು ನನ್ನ ಬಾಯಿ ಕಟ್ಟುತ್ತವೆ ಎನ್ನಿಸಿತ್ತು. ತಿದ್ದುತ್ತ ಹೋದಂತೆ ನನ್ನ ಸಿಟ್ಟನ್ನು ತೆಗೆದುಹಾಕಿದಷ್ಟೂ ಪ್ರಶ್ನೆ ಬಿಗಿಯಾಗುತ್ತಿರುವುದು ಕಂಡಿತು. ಕೊನೆಗೆ ಉಳಿದದ್ದು ಹೀಗಿತ್ತು: ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಆ ಹಂಗಾಮಿಗೆ ಮೈಲ್ 69 ಮತ್ತು ಮೈಲ್ 104ರಲ್ಲಿ ಕಾಯ್ದುಕೊಳ್ಳಬೇಕೆಂದು ತೀರ್ಮಾನಿಸಿದ ಗೇಜ್ ಎಷ್ಟು; ವಾಸ್ತವವಾಗಿ ಕಾಯ್ದುಕೊಂಡ ಗೇಜ್ ಎಷ್ಟು; ನಿಗದಿತ ಮಟ್ಟಕ್ಕಿಂತ ಕಡಿಮೆಯಾದ ದಿನಗಳೆಷ್ಟು; ಪ್ರತಿ ಉಪವಿಭಾಗದಲ್ಲಿ ಕಾಲುವೆ ಕಾಯುವ ಸಿಬ್ಬಂದಿಯ ಮಂಜೂರಾದ, ಭರ್ತಿಯಾದ ಮತ್ತು ಖಾಲಿ ಇರುವ ಹುದ್ದೆಗಳೆಷ್ಟು. 'ಅನ್ಯಾಯ' ಎಂಬ ಪದ ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಇನ್ನು ಕಾರ್ಯವಿಧಾನ. ಸೂಚನೆಯನ್ನು ಬಹಳ ದಿನ ಮುಂಚೆ ಕೊಡಬೇಕಾಗುತ್ತದೆ, ಆದ್ದರಿಂದ ಅಧಿವೇಶನದ ಆಹ್ವಾನ ಕೈಸೇರುವ ಹೊತ್ತಿಗೆ ಪ್ರಶ್ನೆ ಸಿದ್ಧವಿರಬೇಕು. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರಿಸುತ್ತಾರೆ ಮತ್ತು ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. 224 ಸದಸ್ಯರ ಸದನದಲ್ಲಿ ದಿನಕ್ಕೆ ಸುಮಾರು 15 ಚುಕ್ಕೆ ಪ್ರಶ್ನೆಗಳಷ್ಟೇ ಪಟ್ಟಿಗೆ ಬರುತ್ತವೆ, ಯಾವುವು ಬರಬೇಕೆಂಬುದು ಚೀಟಿಯಲ್ಲಿ ತೀರ್ಮಾನವಾಗುತ್ತದೆ. ನನ್ನ ಪ್ರಶ್ನೆ ಎರಡು ಅಧಿವೇಶನ ಚೀಟಿಯಲ್ಲಿ ಬರಲಿಲ್ಲ. ಆಗ ನಾನು ಅಂಕಿ ಬೇಡುವ ಭಾಗವನ್ನು ಚುಕ್ಕೆ ಗುರುತಿಲ್ಲದ ಪ್ರಶ್ನೆಯಾಗಿ ಬೇರೆ ಕಳುಹಿಸಿದೆ. ಮಾಹಿತಿ ಬೇಕಿದ್ದರೆ ಲಿಖಿತ ಉತ್ತರವೇ ಹೆಚ್ಚು ಉಪಯುಕ್ತ, ಬದ್ಧತೆ ಬೇಕಿದ್ದರೆ ಮಾತ್ರ ಚುಕ್ಕೆ ಪ್ರಶ್ನೆ ಎಂಬುದು ನನ್ನ ಅನುಭವ. ಅನೇಕ ಸದಸ್ಯರು ಇದನ್ನು ತಿರುಗಿಸಿ ಮಾಡುತ್ತಾರೆ ಮತ್ತು ದೂರದರ್ಶನದಲ್ಲಿ ಕಾಣುವ ಎರಡು ನಿಮಿಷಗಳನ್ನು ಅನುಬಂಧದ ಪುಟಗಳನ್ನು ಓದುವುದರಲ್ಲೇ ಕಳೆದುಬಿಡುತ್ತಾರೆ.

ಮೂರನೆಯ ಅಧಿವೇಶನದಲ್ಲಿ ಪ್ರಶ್ನೆ ಪಟ್ಟಿಯ ಮೇಲ್ಭಾಗಕ್ಕೆ ಬಂತು. ಲಿಖಿತ ಉತ್ತರ ಬೆಳಿಗ್ಗೆ ಕೈಸೇರಿದಾಗ ನಾನು ಮೊದಲು ತೆರೆದದ್ದು ಅನುಬಂಧವನ್ನು. ನಿಗದಿತ ಗೇಜನ್ನು ಕಾಯ್ದುಕೊಂಡು ಬರಲಾಗಿದೆ ಎಂದು ಉತ್ತರದ ಸಾಲು ಹೇಳುತ್ತಿತ್ತು. ಅನುಬಂಧದಲ್ಲಿ ಇದ್ದದ್ದು ಪ್ರತಿ ತಿಂಗಳ ಸರಾಸರಿ. ಕಾಲುವೆಯ ನೀರಿಗೆ ಸರಾಸರಿ ಎಂಬ ಲೆಕ್ಕ ಸಲ್ಲುವುದಿಲ್ಲ. ಹತ್ತು ದಿನ ತುಂಬಿ ಹರಿದು, ಹತ್ತು ದಿನ ತಳ ಕಂಡರೂ ಸರಾಸರಿ ಚೆನ್ನಾಗಿಯೇ ಇರುತ್ತದೆ, ಆದರೆ ಆ ಒಣ ದಿನಗಳಲ್ಲಿ ತೆನೆ ಕಟ್ಟುವ ಭತ್ತವಿದ್ದರೆ ಅದು ಜೊಳ್ಳಾಗುತ್ತದೆ, ಕಾಯಿ ಹಿಡಿಯುವ ಹತ್ತಿಯಿದ್ದರೆ ಉದುರುತ್ತದೆ.

ನನಗೆ ಒಂದೆರಡು ಉಪಪ್ರಶ್ನೆಗಳಿಗಷ್ಟೇ ಅವಕಾಶವಿತ್ತು. ಕೊನೆಭಾಗದ ರೈತರ ಕಷ್ಟವನ್ನು ವಿವರಿಸಬೇಕೆಂಬ ಆಸೆ ಗಂಟಲಿನವರೆಗೆ ಬಂದಿತ್ತು. ಅದನ್ನು ತಡೆದು, 'ಸನ್ಮಾನ್ಯ ಸಭಾಧ್ಯಕ್ಷರೇ, ಸಚಿವರು ಕೊಟ್ಟಿರುವುದು ತಿಂಗಳ ಸರಾಸರಿ. ದಿನವಾರು ಗೇಜ್ ವಹಿಯ ಪ್ರತಿಯನ್ನು ಸದನದ ಮುಂದೆ ಇಡುತ್ತಾರೆಯೇ?' ಎಂದಷ್ಟೇ ಕೇಳಿದೆ. ಸಚಿವರು ಅಧಿಕಾರಿಗಳ ಗ್ಯಾಲರಿಯ ಕಡೆ ನೋಡಿದರು, ಒಂದು ಚೀಟಿ ಬಂತು, ಮಾಹಿತಿ ತರಿಸಿ ಒದಗಿಸುವುದಾಗಿ ಹೇಳಿದರು. ಎರಡನೆಯದಾಗಿ, ಗೇಜ್ ಕಡಿಮೆಯಾದ ನಾಲ್ಕು ನಿರ್ದಿಷ್ಟ ದಿನಾಂಕಗಳನ್ನು ಶಿಕ್ಷಕರ ಪುಸ್ತಕದಿಂದ ಓದಿ, ಆ ದಿನಗಳ ದಾಖಲೆ ಏನು ಹೇಳುತ್ತದೆ ಎಂದು ಕೇಳಿದೆ. ಸಭೆ ಒಂದು ಕ್ಷಣ ಸುಮ್ಮನಾಯಿತು. ಪ್ರತಿಪಕ್ಷ, ಆಡಳಿತ ಪಕ್ಷ ಎರಡೂ ಕಡೆ ಇದ್ದ ನಮ್ಮ ಭಾಗದ ಸದಸ್ಯರು ತಲೆಯಾಡಿಸಿದ್ದು ನನಗೆ ಈಗಲೂ ಕಣ್ಣ ಮುಂದಿದೆ. ಸಚಿವರು ಕೋಪಿಸಿಕೊಳ್ಳಲಿಲ್ಲ. ಅವರ ಕೈಯಲ್ಲಿಯೂ ಆ ಅಂಕಿ ಇರಲಿಲ್ಲವೆಂದು ನಾನು ನಂಬುತ್ತೇನೆ. ಕೆಳಗಿನಿಂದ ಬಂದ ಸರಾಸರಿಯನ್ನೇ ಅವರು ಓದಿದ್ದರು.

ಸದನದಲ್ಲಿ ಸಚಿವರು 'ಒದಗಿಸುತ್ತೇನೆ' ಎಂದದ್ದು ಒಂದು ಭರವಸೆ. ಅಂಥ ಮಾತುಗಳನ್ನು ಕಲಾಪದ ವರದಿಯಿಂದ ಹೆಕ್ಕಿ, ಈಡೇರಿವೆಯೇ ಎಂದು ನೋಡಲು ಸರ್ಕಾರಿ ಭರವಸೆಗಳ ಸಮಿತಿ ಇದೆ. ಶಾಸಕರಲ್ಲಿ ಅನೇಕರು ಉತ್ತರ ಕೇಳಿ ಕುಳಿತ ಕೂಡಲೇ ಆ ವಿಷಯವನ್ನು ಮರೆಯುತ್ತಾರೆ, ನಾನೂ ಹಾಗೆಯೇ ಮರೆತಿದ್ದೆ. ಈ ಬಾರಿ ಕಲಾಪದ ನಡಾವಳಿಯ ಪ್ರತಿ ತರಿಸಿ, ಸಚಿವರ ವಾಕ್ಯಕ್ಕೆ ಗೆರೆ ಎಳೆದು ಸಮಿತಿಗೆ ಪತ್ರ ಬರೆದೆ, ಎರಡು ಬಾರಿ ನೆನಪಿಸಿದೆ. ಮುಂದಿನ ಅಧಿವೇಶನದ ಹೊತ್ತಿಗೆ ದಿನವಾರು ವಹಿಯ ಪ್ರತಿ ಬಂತು.

ಅದನ್ನು ಶಿಕ್ಷಕರ ಪುಸ್ತಕದ ಪಕ್ಕದಲ್ಲಿಟ್ಟು ಒಂದೊಂದೇ ಸಾಲು ತಾಳೆ ನೋಡಿದೆವು. ಬೆಳಗಿನ ಅಂಕಿಗಳು ಬಹುಪಾಲು ಹೊಂದುತ್ತಿದ್ದವು. ಸರ್ಕಾರಿ ವಹಿಯಲ್ಲಿ ದಿನಕ್ಕೆ ಒಂದೇ ನಮೂದು, ಶಿಕ್ಷಕರ ಪುಸ್ತಕದಲ್ಲಿ ಎರಡು. ಕುಸಿತವೆಲ್ಲ ಅವರ ಸಂಜೆಯ ಕಾಲಂನಲ್ಲಿತ್ತು. ಯಾರೂ ಸುಳ್ಳು ಬರೆದಿರಲಿಲ್ಲ, ದಿನಕ್ಕೆ ಒಂದೇ ಬಾರಿ ನೋಡಿದ್ದರು ಅಷ್ಟೇ. ಮೂರನೆಯ ಪ್ರಶ್ನೆ ಹಾಗಾಗಿ ಬಹಳ ಚಿಕ್ಕದಾಯಿತು: ಗೇಜನ್ನು ದಿನದ ಯಾವ ವೇಳೆಯಲ್ಲಿ, ಎಷ್ಟು ಬಾರಿ, ಯಾವ ದರ್ಜೆಯ ಸಿಬ್ಬಂದಿ ದಾಖಲಿಸುತ್ತಾರೆ? ಅದರ ಉತ್ತರದಿಂದ ಕಾಲುವೆ ಕಾಯುವ ಹುದ್ದೆಗಳು ಎಷ್ಟರಮಟ್ಟಿಗೆ ಖಾಲಿ ಇವೆಯೆಂಬುದು ಸರ್ಕಾರದ ಮುದ್ರೆಯೊಂದಿಗೆ ಹೊರಬಂತು. ಆ ಹಂಗಾಮಿನಿಂದ ದಿನಕ್ಕೆ ಎರಡು ಬಾರಿ ಗೇಜ್ ಬರೆಯುವುದು ಶುರುವಾಯಿತು. ಕಂದಾಯ, ಪೊಲೀಸ್ ಮತ್ತು ವಿದ್ಯುತ್ ಸಿಬ್ಬಂದಿ ಸೇರಿ ರಾತ್ರಿ ಕಾಲುವೆ ಗಸ್ತು ತಿರುಗಿದರು. ಶಿಕ್ಷಕರ ತೂಬಿಗೆ ಆ ವರ್ಷ ನೀರು ಹತ್ತಿತು. ಅದಕ್ಕೂ ಕೆಳಗಿನ ಹಳ್ಳಿಗಳಿಗೆ ಹತ್ತಲಿಲ್ಲ. ಅಲ್ಲಿಯ ಜನ ನನ್ನನ್ನು ಕೇಳಿದಾಗ ಹೇಳಿಕೊಳ್ಳಲು ಇದ್ದದ್ದು ಅಷ್ಟೇ.

ಸದನಕ್ಕೆ ಕೊಟ್ಟ ಉತ್ತರ ಸುಳ್ಳಾದರೆ ಹಕ್ಕುಚ್ಯುತಿಯ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದ ಆರೋಪದ ಮಾತು ಬರುತ್ತದೆ, ಹೀಗಾಗಿ ಅಧಿಕಾರಿಗಳು ಅದನ್ನು ಎಚ್ಚರದಿಂದ ಬರೆಯುತ್ತಾರೆ. ಕಚೇರಿಯಲ್ಲಿ ಬಾಯಿಮಾತಿನಲ್ಲಿ ನಿರಾಕರಿಸಿದ ಅಂಕಿಯನ್ನು ಸಚಿವರ ಸಹಿಯ ಕೆಳಗೆ ನಿರಾಕರಿಸುವುದು ಕಷ್ಟ. ನಮ್ಮ ರೈತ ಮುಖಂಡರು ಆ ಅನುಬಂಧಗಳ ನಕಲನ್ನು ಸಲಹಾ ಸಮಿತಿಯ ಸಭೆಗೆ ಹಿಡಿದುಕೊಂಡು ಹೋಗತೊಡಗಿದರು. ಅಲ್ಲಿ ನಾನು ಮಾತನಾಡುವುದಕ್ಕಿಂತ ಆ ಹಾಳೆಗಳೇ ಹೆಚ್ಚು ಕೆಲಸ ಮಾಡಿದವು.

ಅಣೆಕಟ್ಟೆಯ ವಿಷಯಕ್ಕೆ ಬಂದರೆ ಪ್ರಶ್ನೆ ಕೇಳುವುದು ಇನ್ನೂ ಕಠಿಣ. ಎಡದಂಡೆ ಕಾಲುವೆ ಕರ್ನಾಟಕದ್ದು, ಜಲಾಶಯ ಮಾತ್ರ ತುಂಗಭದ್ರಾ ಮಂಡಳಿಯದು, ಅದರಲ್ಲಿ ಆಂಧ್ರಪ್ರದೇಶ, ತೆಲಂಗಾಣ ಮತ್ತು ಕೇಂದ್ರದ ಪ್ರತಿನಿಧಿಗಳೂ ಇದ್ದಾರೆ. ರಾಜ್ಯ ಸರ್ಕಾರದ ಹೊಣೆಗೆ ಸೇರದ ವಿಷಯವೆಂದು ಪ್ರಶ್ನೆ ಅಂಗೀಕಾರವಾಗದೆ ಹಿಂತಿರುಗಬಹುದು. 133 ಟಿಎಂಸಿ ಅಡಿ ಹಿಡಿಯಬೇಕಿದ್ದ ಜಲಾಶಯದಲ್ಲಿ ಹೂಳಿನಿಂದಾಗಿ ಈಗ ಸುಮಾರು 105 ಟಿಎಂಸಿ ಅಡಿ ಹಿಡಿಯುತ್ತದೆ. ಕಳೆದುಹೋದ ನೀರಿಗೆ ಪರ್ಯಾಯವಾಗಿ ಕೊಪ್ಪಳ ಜಿಲ್ಲೆಯ ನವಲಿಯ ಬಳಿ ಸಮಾನಾಂತರ ಜಲಾಶಯದ ಪ್ರಸ್ತಾವವಿದೆ. ಅದಕ್ಕೆ ನೆರೆರಾಜ್ಯಗಳ ಒಪ್ಪಿಗೆ ಬೇಕು. 'ನವಲಿ ಯೋಜನೆ ಯಾವಾಗ ಆರಂಭ' ಎಂದು ಕೇಳಿದವರಿಗೆ 'ಪರಿಶೀಲನೆಯಲ್ಲಿದೆ' ಎಂದೇ ಉತ್ತರ. ನಾನು ಕೇಳಿದ್ದು ಬೇರೆ ರೀತಿ: ಮಂಡಳಿಯಲ್ಲಿರುವ ಕರ್ನಾಟಕದ ಪ್ರತಿನಿಧಿ ಯಾವ ಯಾವ ದಿನಾಂಕದ ಸಭೆಗಳಲ್ಲಿ ಈ ವಿಷಯ ಮಂಡಿಸಿದ್ದಾರೆ, ನೆರೆರಾಜ್ಯಗಳಿಗೆ ಬರೆದ ಪತ್ರಗಳ ದಿನಾಂಕಗಳೇನು, ಬಂದ ಉತ್ತರಗಳೇನು? ನಮ್ಮ ಪ್ರತಿನಿಧಿ ಏನು ಮಾಡಿದ್ದಾರೆ ಎಂಬುದು ನಮ್ಮ ಸರ್ಕಾರದ ಹೊಣೆಯೇ, ಆದ್ದರಿಂದ ಆ ಪ್ರಶ್ನೆ ಅಂಗೀಕಾರವಾಯಿತು.

2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ನಾನು ಶಾಸಕನಾಗಿರಲಿಲ್ಲ. ತುಂಬಿದ ಜಲಾಶಯದ ನೀರು ನದಿಗೆ ಹರಿಯಿತು, ಒಂದು ವಾರದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಹಲಗೆ ಇಳಿಸಿ ತಡೆದರು, ಆಮೇಲೆ ತಜ್ಞರು ಎಲ್ಲ 33 ಗೇಟುಗಳನ್ನೂ ಬದಲಿಸಬೇಕೆಂದರು. ಆ ವಾರ ನಾನು ನನ್ನ ಹಳೆಯ ಪ್ರಶ್ನೆಗಳ ಕಟ್ಟನ್ನು ಬಿಚ್ಚಿ ಕುಳಿತೆ. ಗೇಜಿನ ಬಗ್ಗೆ ಕೇಳಿದ್ದೆ, ಹೂಳಿನ ಬಗ್ಗೆ ಕೇಳಿದ್ದೆ, ಸಿಬ್ಬಂದಿಯ ಬಗ್ಗೆ, ಪಂಪ್‌ಸೆಟ್ಟುಗಳ ಬಗ್ಗೆ, ನವಲಿಯ ಬಗ್ಗೆ ಕೇಳಿದ್ದೆ. 1953ರಿಂದ ನೀರು ತಡೆದು ನಿಂತಿದ್ದ ಗೇಟುಗಳ ಬಗ್ಗೆ, ಅವುಗಳ ಸರಪಳಿಯನ್ನು ಕೊನೆಯ ಬಾರಿ ಯಾರು ಎಂದು ಪರೀಕ್ಷಿಸಿದರು ಎಂಬುದರ ಬಗ್ಗೆ ನನ್ನ ಒಂದೇ ಒಂದು ಪ್ರಶ್ನೆಯೂ ಇರಲಿಲ್ಲ. ಆ ಕೊರಗು ಈಗಲೂ ಇದೆ.

ನಮ್ಮ ಭಾಗದ ಈಗಿನ ಸದಸ್ಯರೊಬ್ಬರು ನನ್ನ ಬಳಿ ಬಂದಾಗ ಒಂದು ಕರಡನ್ನು ಬರೆದುಕೊಟ್ಟೆ. ಅದರಲ್ಲಿ 33 ಸಾಲುಗಳ ಒಂದು ಪಟ್ಟಿ ಕೇಳಿದ್ದೇನೆ: ಗೇಟಿನ ಸಂಖ್ಯೆ, ಸರಪಳಿ ಅಳವಡಿಸಿದ ವರ್ಷ, ಕೊನೆಯ ತಪಾಸಣೆಯ ದಿನಾಂಕ, ತಪಾಸಣೆ ಮಾಡಿದವರ ಹುದ್ದೆ, ಆ ಕೆಲಸಕ್ಕೆ ಕರ್ನಾಟಕ ಭರಿಸಿದ ಪಾಲು. 'ಗಮನಕ್ಕೆ ಬಂದಿದೆಯೇ' ಎಂಬ ಸಾಲನ್ನು ಅವರು ರೂಢಿಯಂತೆ ಮೇಲೆ ಸೇರಿಸಿದ್ದರು. ಅದನ್ನು ಹೊಡೆದುಹಾಕಿ ಹಾಳೆಯನ್ನು ಹಿಂತಿರುಗಿಸಿದೆ.