ನಾಲೆಯ ಮೇಲ್ಭಾಗದವಳು ಕೊನೆಭಾಗದ ಬಡತನ ಓದಿದ್ದು

ಅಭಿವೃದ್ಧಿ ಅಧ್ಯಯನದಲ್ಲಿ ಎಂ.ಎ. ಮಾಡುತ್ತೇನೆ ಎಂದು ಬೆಂಗಳೂರಿಗೆ ಹೊರಟಾಗ ಅದೇನು ಓದು ಎಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಬಡವರ ಬಗ್ಗೆ ಓದ್ತಾಳಂತ" ಎಂದು ಅಪ್ಪ ಬೀಗರ ಮುಂದೆ ಹೇಳುತ್ತಿದ್ದರು. ನಾವು ಗಂಗಾವತಿ ಕಡೆಯವರು. ತುಂಗಭದ್ರಾ ಎಡದಂಡೆ ನಾಲೆಯ ನೀರು ಮೊದಲು ಮುಟ್ಟುವ ನೆಲ ಅದು. ವರ್ಷಕ್ಕೆ ಎರಡು ಬೆಳೆ ನೆಲ್ಲು, ಅದರ ದುಡ್ಡಿನಲ್ಲೇ ನನ್ನ ಹಾಸ್ಟೆಲ್ ಫೀಸು.

ಮೊದಲ ವರ್ಷ ತರಗತಿಯಲ್ಲಿ ಬಡತನವೆಂದರೆ ಗೆರೆಗಳು. ಇಷ್ಟಕ್ಕಿಂತ ಕಡಿಮೆ ಖರ್ಚು ಮಾಡುವವರು ಬಡವರು ಎನ್ನುವ ಗೆರೆ. ತೆಂಡೂಲ್ಕರ್ ಸಮಿತಿಯ ಲೆಕ್ಕದ 2011-12ರ ಗೆರೆ ಹಳ್ಳಿಯಲ್ಲಿ ತಲೆಗೆ ತಿಂಗಳಿಗೆ 816 ರೂಪಾಯಿ, ಪಟ್ಟಣದಲ್ಲಿ 1,000. ಆಮೇಲೆ ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕ ಬಂತು: ಪೋಷಣೆ, ಶಾಲೆ, ಅಡುಗೆ ಉರುವಲು, ಶೌಚಾಲಯ, ಬ್ಯಾಂಕ್ ಖಾತೆ ಹೀಗೆ 12 ಸೂಚಕಗಳು. ಕೊರತೆಯ ಅಂಕ ಮೂರರಲ್ಲಿ ಒಂದು ಪಾಲು ಮುಟ್ಟಿದರೆ ಆ ಮನೆ ಬಡವರ ಮನೆ. ನನಗೆ ಅದು ತುಂಬ ಹಿಡಿಸಿತು. ಬರೀ ದುಡ್ಡಿನ ಲೆಕ್ಕಕ್ಕಿಂತ ಇದು ಬದುಕಿಗೆ ಹತ್ತಿರವಿದೆ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಪ್ರಬಂಧಕ್ಕೆ ಅದೇ ಸೂಚಕಗಳಿಂದ 38 ಪ್ರಶ್ನೆಗಳ ಪಟ್ಟಿ ಮಾಡಿಕೊಂಡು ಮಾನ್ವಿ ತಾಲ್ಲೂಕಿನ ಒಂದು ಊರಿಗೆ ಹೋದೆ. ನಮ್ಮ ಮನೆ ಮುಂದೆ ಹರಿಯುವ ನಾಲೆಯೇ ಅಲ್ಲಿಗೂ ಹೋಗುತ್ತದೆ, ಆದರೆ ಕೊನೆಭಾಗ.

ಮೊದಲ ಮನೆಯ ಅಕ್ಕನನ್ನು "ತಿಂಗಳಿಗೆ ಎಷ್ಟು ಬರ್ತದ?" ಎಂದು ಕೇಳಿದೆ. "ತಿಂಗಳಿಗೆ ಯಾರು ಕೊಡ್ತಾರವ್ವ ನಮಗ?" ಎಂದಳು. ಹತ್ತಿ ಬಿಡಿಸುವ ಕಾಲದಲ್ಲಿ ಕಿಲೋ ಲೆಕ್ಕದಲ್ಲಿ ಕೂಲಿ, ಆಮೇಲೆ ಮೆಣಸಿನಕಾಯಿ ಹರಿಯುವುದು, ಅದೂ ಮುಗಿದರೆ ಗುಳೆ. ಇದನ್ನು ಹನ್ನೆರಡರಿಂದ ಭಾಗಿಸಿ ನಾನು ಬರೆದುಕೊಂಡ ಸಂಖ್ಯೆ ಯಾರ ಬದುಕೂ ಆಗಿರಲಿಲ್ಲ. ಆ ಮನೆಯಲ್ಲಿ ಗ್ಯಾಸ್ ಇತ್ತು, ಕರೆಂಟ್ ಇತ್ತು, ಪಾಸ್‌ಬುಕ್ ಇತ್ತು, ಮಗಳು ಶಾಲೆಗೆ ಹೋಗುತ್ತಿದ್ದಳು. ನನ್ನ ಪಟ್ಟಿಯ ಪ್ರಕಾರ ಬಡವರಲ್ಲ. ಎರಡು ವಾರ ಬಿಟ್ಟು ಮತ್ತೆ ಹೋದಾಗ ಬಾಗಿಲಿಗೆ ಬೀಗ. ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದರು, ಮಗಳೂ ಜೊತೆಗೆ ಹೋದಳು ಎಂದು ಪಕ್ಕದ ಮನೆಯವರು ಹೇಳಿದರು.

ಆ ಬೀಗ ನೋಡಿದ ಮೇಲೆ ಪಟ್ಟಿಯನ್ನು ಬದಿಗಿಟ್ಟೆ. ಮಾರ್ಗದರ್ಶಕರಾಗಿದ್ದ ಮೇಡಂ ಬೈಯಲಿಲ್ಲ, "ಒಂದೇ ಸಲ ನೂರು ಮನೆ ಕೇಳೋದಕ್ಕಿಂತ ಹನ್ನೆರಡು ಮನೆಗೆ ಹತ್ತು ಸಲ ಹೋಗು" ಎಂದರು. ಐದು ತಿಂಗಳು ಹದಿನೈದು ದಿನಕ್ಕೊಮ್ಮೆ ಹೋದೆ. ಮನೆಗೊಂದು ಇನ್ನೂರು ಪುಟದ ನೋಟ್‌ಬುಕ್. ಕೇಳಿದ್ದು ಮೂರೇ: ಕಳೆದ ಸಲ ಬಂದು ಹೋದ ಮೇಲೆ ಕೈಗೆ ಏನು ಬಂತು, ಕೈಯಿಂದ ಏನು ಹೋಯಿತು, ಯಾರ ಹತ್ತಿರ ಇಸಕೊಂಡಿರಿ. ಕೂತು ಕೇಳಬಾರದು ಎಂಬುದು ಬೇಗ ಗೊತ್ತಾಯಿತು. ಹತ್ತಿ ಬಿಡಿಸುತ್ತಾ, ರೊಟ್ಟಿ ಬಡಿಯುವಾಗ ಪಕ್ಕದಲ್ಲಿದ್ದು ಕೇಳಿದರೆ ಲೆಕ್ಕ ತಾನಾಗಿ ಬರುತ್ತದೆ. ಮೂರನೇ ಭೇಟಿಯವರೆಗೆ ಸಾಲದ ಮಾತೇ ಬರಲಿಲ್ಲ. ಆಮೇಲೆ ಒಂದೊಂದಾಗಿ ಬಿಚ್ಚಿಕೊಂಡವು: ಬಡ್ಡಿಯಿಲ್ಲದ ಕೈಗಡ, ನೂರಕ್ಕೆ ಮೂರರ ಸಾಲ, ವಾರದ ಕಂತಿನ ಸಂಘದ ಸಾಲ, ಮೇಸ್ತ್ರಿ ಕೊಟ್ಟ ಮುಂಗಡ. ಗುಳೆ ಹೋಗುವುದನ್ನು ಹೆಚ್ಚಾಗಿ ತೀರ್ಮಾನಿಸುತ್ತಿದ್ದದ್ದು ಆ ಮುಂಗಡವೇ.

ನೋಟ್‌ಬುಕ್ಕುಗಳನ್ನು ಸಾಲಾಗಿ ಇಟ್ಟು ದಿನಾಂಕ ಹೊಂದಿಸಿದಾಗ ಎಲ್ಲದರ ಬೆನ್ನಿಗೂ ನೀರು ಇತ್ತು. ಸಾಲದ ಪುಟಗಳು ದಪ್ಪವಾದದ್ದು ನಾಲೆಗೆ ನೀರು ಬಿಟ್ಟರೂ ಆ ಊರಿನ ತೂಬಿಗೆ ಬಾರದ ವಾರಗಳಲ್ಲಿ. ಹತ್ತಿಗೆ ಒಂದು ನೀರು ತಪ್ಪಿದರೆ ಕಾಯಿ ಕಡಿಮೆ, ಕಾಯಿ ಕಡಿಮೆಯಾದರೆ ಬಿಡಿಸುವವರಿಗೆ ಕೂಲಿ ಕಡಿಮೆ. ಹೊಲ ಇದ್ದವರಿಗಿಂತ ಮೊದಲು ಹೊಲ ಇಲ್ಲದವರು ಊರು ಬಿಟ್ಟಿದ್ದರು.

ಆ ಕಡೆ ಮಾತೆಲ್ಲ ನಾಲೆಯ ಮೈಲಿನದು, ಅಲ್ಲಿನ ಗೇಜ್ ಅಂದರೆ ನೀರಿನ ಮಟ್ಟದ್ದು. "ಮೈಲ್ 69ರಾಗ ಗೇಜ್ ಎಷ್ಟೈತಿ?" ಎಂದು ಹೋಟೆಲ್ಲಿನಲ್ಲಿ ಚಹಾ ಕುಡಿಯುತ್ತಾ ಕೇಳುತ್ತಾರೆ. ಎಡದಂಡೆ ನಾಲೆಯ ಉದ್ದ ಸುಮಾರು 227 ಕಿಲೋಮೀಟರ್. 1950ರ ದಶಕದಲ್ಲಿ ನೀರು ಹರಿಯತೊಡಗಿದಾಗ ಇದ್ದ ಯೋಜನೆ, ಬಹುಪಾಲು ನೆಲಕ್ಕೆ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ, ಸ್ವಲ್ಪ ನೆಲಕ್ಕೆ ಮಾತ್ರ ಭತ್ತ. ಮೇಲ್ಭಾಗದಲ್ಲಿ ಭತ್ತವೇ ಎಲ್ಲ ಆಯಿತು, ಕೊನೆಭಾಗಕ್ಕೆ ಹೋಗುವ ನೀರು ಕಡಿಮೆಯಾಯಿತು. ಜಲಾಶಯವೂ ಚಿಕ್ಕದಾಗುತ್ತ ಬಂತು: 133 ಟಿಎಂಸಿ ಹಿಡಿಯುತ್ತಿದ್ದದ್ದು ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ.

ಊರಿಗೆ ಹೋದ ಮೊದಲ ದಿನವೇ ಒಬ್ಬ ಅಜ್ಜಿ "ಯಾವ ಕಡಿಯಾಕಿ ನೀ?" ಎಂದು ಕೇಳಿದ್ದಳು. ಬೆಂಗಳೂರು ಎಂದಿದ್ದೆ. ದಿನಾಂಕ ಹೊಂದಿಸಿದ ರಾತ್ರಿ ಆ ಉತ್ತರ ನೆನಪಾಗಿ ನಿದ್ದೆ ಬರಲಿಲ್ಲ. ಮರುವಾರ ನಮ್ಮೂರಿಗೆ ಹೋಗಿ ಹದಿಮೂರನೇ ನೋಟ್‌ಬುಕ್ ತೆರೆದೆ, ನಮ್ಮ ಮನೆಯದು. ನಾಟಿ ಯಾವತ್ತು, ನೀರು ಎಷ್ಟು ದಿನ, ಎಷ್ಟು ಚೀಲ ಎಂದು ಅಪ್ಪನನ್ನು ಕೇಳಿದೆ. ನಮ್ಮ ಹೊಲಕ್ಕೆ ಭತ್ತದ ಪರವಾನಗಿ ಇದೆಯೇ ಎಂದೂ ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ನಾಲಿ ತುಂಬಿ ಹರಿಯಾಗ ನೆಲ್ಲು ಹಚ್ಚದ ಬಿಡಾಕ ಆಗ್ತೈತೇನ ಯವ್ವಾ? ನಿನ್ನ ಓದು ಎಲ್ಲಿಂದ ಬಂತು?" ಎಂದರು. ಆಮೇಲೆ ತಾವಾಗಿಯೇ ಹೊಲದ ತಗ್ಗಿನ ಮೂಲೆಗೆ ಕರೆದೊಯ್ದರು. ಎರೆ ಮಣ್ಣಿನ ಮೇಲೆ ಬಿಳಿ ಉಪ್ಪು ಕೂತಿತ್ತು. ಸವಳು. ವರ್ಷವಿಡೀ ನೀರು ನಿಂತು ನಿಂತು ಆ ತುಂಡಿನಲ್ಲಿ ಸಸಿ ಹಿಡಿಯುವುದು ನಿಂತಿತ್ತು, ಮನೆಯಲ್ಲಿ ಯಾರಿಗೂ ಅವರು ಹೇಳಿರಲಿಲ್ಲ. 1987ರ ಬ್ರುಂಟ್‌ಲಾಂಡ್ ವರದಿಯ ಸುಸ್ಥಿರ ಅಭಿವೃದ್ಧಿಯ ವ್ಯಾಖ್ಯೆಯನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ: ಮುಂದಿನ ಪೀಳಿಗೆಯ ಅಗತ್ಯಗಳಿಗೆ ಧಕ್ಕೆ ತಾರದೆ ಇಂದಿನ ಅಗತ್ಯಗಳನ್ನು ಪೂರೈಸಿಕೊಳ್ಳುವುದು. ಮುಂದಿನ ಪೀಳಿಗೆ ಎಂದರೆ ನಾನೇ ಎಂದು ಆ ಮೂಲೆಯಲ್ಲಿ ನಿಂತಾಗ ಹೊಳೆಯಿತು.

ಪ್ರಬಂಧದಲ್ಲಿ ಹದಿಮೂರೂ ಮನೆಗಳನ್ನು ಹೆಸರಿಲ್ಲದೆ ಸೇರಿಸಿದೆ, ಹದಿಮೂರನೆಯದು ನನ್ನದೆಂದು ಮುನ್ನುಡಿಯಲ್ಲಿ ಬರೆದೆ. ಇಂಥ ಓದಿಗೆ ಹೋಗುವವರಿಗೆ ನಾನು ಕೊಡಬಲ್ಲ ಸಲಹೆಯೂ ಅದೇ: ಅಳೆಯಲು ಹೊರಟ ವ್ಯವಸ್ಥೆಯಲ್ಲಿ ನಿಮ್ಮ ಮನೆ ಎಲ್ಲಿ ನಿಂತಿದೆ ಎಂದು ಮೊದಲ ವಾರವೇ ಬರೆದುಕೊಳ್ಳಿ. ನಾನು ನಾಲ್ಕು ತಿಂಗಳು ತಡ ಮಾಡಿದೆ.

ಬರೆದದ್ದನ್ನು ಓದಿ ಹೇಳಲು ಮಾನ್ವಿಯ ಆ ಊರಿಗೆ ಮತ್ತೆ ಹೋದೆ. ಗುಡಿ ಕಟ್ಟೆಯ ಮೇಲೆ ಕೂತು ಮೊದಲು ಅಜ್ಜಿಗೆ ನಾನು ಯಾವ ಕಡೆಯವಳೆಂದು ಹೇಳಿದೆ. ಅವಳು ಸಿಟ್ಟಾಗಲಿಲ್ಲ. "ನಿಮ್ಮ ಹೊಲಕ್ಕ ನೀರು ಯಾವತ್ತು ಬಂತು?" ಎಂದಳು. ನೋಟ್‌ಬುಕ್ ತೆರೆದು ದಿನಾಂಕ ಹೇಳಿದೆ. ಅವರ ತೂಬಿಗೆ ಬಂದ ದಿನಾಂಕ ಅವಳಿಗೆ ಬಾಯಲ್ಲೇ ಇತ್ತು. ನಡುವಿನ ದಿನಗಳನ್ನು ಅವಳು ಬೆರಳು ಮಡಚಿ ಎಣಿಸಿದಳು, ನಾನು ಬರೆದುಕೊಂಡೆ.